ಕಂಪ್ಯೂಟರ್ ನಿಂತಾಗ ರಿಲೇ ಏನು ಮಾಡುತ್ತದೆ?

ಮಾನ್ಯ ಸಂಪಾದಕರೇ,

ಗದ್ದೆಯ ಮೋಟಾರನ್ನು ಮನೆಯಿಂದಲೇ ಚಾಲೂ ಮಾಡುವ, ಕೋಳಿ ಫಾರಂನ ಫ್ಯಾನುಗಳನ್ನು ಸೆಖೆ ನೋಡಿಕೊಂಡು ಓಡಿಸುವ, ಊರಿನ ನೀರಿನ ಟ್ಯಾಂಕ್ ತುಂಬಿದೊಡನೆ ಪಂಪ್ ನಿಲ್ಲಿಸುವ ಸಾಧನಗಳನ್ನು ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳ ಐಟಿಐ ಮತ್ತು ಡಿಪ್ಲೊಮಾ ವಿದ್ಯಾರ್ಥಿಗಳು ತಯಾರಿಸಿದ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತಿರುತ್ತದೆ. ಅಂಗೈಯಗಲದ ಒಂದು ಕಂಪ್ಯೂಟರ್ ಬೋರ್ಡು, ಅದರಿಂದ ಹೊರಟ ಎರಡು ತಂತಿ, ಆ ತಂತಿಯ ತುದಿಗೆ ಎಂಟೋ ಹದಿನಾರೋ ರಿಲೇಗಳು (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಆಫ್ ಮಾಡುವ ಸ್ವಿಚ್ಚುಗಳು), ಇಷ್ಟನ್ನು ನಮ್ಮ ಹಳ್ಳಿಯ ಮಕ್ಕಳು ಕೂಡಿಸಿ ಕೆಲಸ ಮಾಡಿಸುತ್ತಾರೆಂಬುದು ನಿಜಕ್ಕೂ ಹೆಮ್ಮೆಯ ವಿಷಯ. ಆದರೆ ಆ ಸುದ್ದಿಗಳಲ್ಲಿ ಸಾಧನ ಹೇಗೆ ಆನ್ ಆಗುತ್ತದೆ ಎಂಬುದಷ್ಟೇ ಇರುತ್ತದೆ. ಕಂಪ್ಯೂಟರ್ ಅರ್ಧದಲ್ಲಿ ಸ್ತಬ್ಧವಾದರೆ, ತಂತಿ ಕಡಿದರೆ, ಕರೆಂಟ್ ಹೋಗಿ ಬಂದರೆ ಆ ರಿಲೇ ಯಾವ ಸ್ಥಿತಿಯಲ್ಲಿ ನಿಲ್ಲುತ್ತದೆ ಎಂಬುದನ್ನು ಕೇಳುವವರೂ ಕಡಿಮೆ, ಹೇಳುವವರೂ ಕಡಿಮೆ. ಸಿಂಧನೂರು ಭಾಗದಲ್ಲಿ ಪಂಪ್‌ಸೆಟ್ ಸ್ಟಾರ್ಟರ್ ಹಾಗೂ ಪ್ಯಾನೆಲ್ ಬೋರ್ಡುಗಳ ರಿಪೇರಿಯನ್ನೇ ಕಸುಬು ಮಾಡಿಕೊಂಡಿರುವ, ವಿದ್ಯಾರ್ಥಿಗಳ ಪ್ರಾಜೆಕ್ಟುಗಳಿಗೆ ಕೈಲಾದ ನೆರವು ನೀಡುತ್ತಿರುವ ನನಗೆ ಈ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ. ಆದ್ದರಿಂದ ಪತ್ರ ಸ್ವಲ್ಪ ದೀರ್ಘವಾದರೂ ದಯವಿಟ್ಟು ಪ್ರಕಟಿಸಬೇಕೆಂದು ಕೋರುತ್ತೇನೆ.

ನಮ್ಮ ಭಾಗಕ್ಕೆ ಇಂತಹ ಸಾಧನದ ಅಗತ್ಯ ಎಷ್ಟಿದೆ ಎಂಬುದನ್ನು ಮೊದಲು ಹೇಳಬೇಕು. ಪಂಪ್‌ಸೆಟ್‌ಗಳಿಗೆ ದಿನಕ್ಕೆ 7 ತಾಸು ತ್ರೀಫೇಸ್ ಕರೆಂಟ್ ಎಂಬುದು ಲೆಕ್ಕ. ಅದು ಪಾಳಿಯ ಮೇಲೆ ಬರುತ್ತದೆ, ಕೆಲವು ಪಾಳಿ ರಾತ್ರಿಗೇ ಬೀಳುತ್ತದೆ. ಹಾವು ಚೇಳುಗಳ ಭಯದಲ್ಲಿ ಕತ್ತಲೆಯ ಬದುವಿನ ಮೇಲೆ ನಡೆದುಹೋಗಿ ಗುಂಡಿ ಒತ್ತುವ ಕಷ್ಟ ತಪ್ಪಿಸಿಕೊಳ್ಳಲು ರೈತರು ಆಟೋ ಸ್ಟಾರ್ಟರ್ ಹಾಕಿಸಿಕೊಂಡಿದ್ದಾರೆ. ಕರೆಂಟ್ ಬಂದೊಡನೆ ಅದು ತಾನೇ ಮೋಟಾರ್ ಚಾಲೂ ಮಾಡುತ್ತದೆ. ತೊಂದರೆ ಇರುವುದೂ ಅಲ್ಲಿಯೇ. ಒಂದು ಟಿಸಿಯ (ಟ್ರಾನ್ಸ್‌ಫಾರ್ಮರಿನ) ಮೇಲಿರುವ ಎಲ್ಲ ಮೋಟಾರುಗಳೂ ಏಕಕಾಲಕ್ಕೆ ಏಳುತ್ತವೆ, ಪ್ರತಿಯೊಂದೂ ಆ ಕೆಲವು ಸೆಕೆಂಡು ತನ್ನ ಮಾಮೂಲಿ ಕರೆಂಟಿನ ಐದಾರು ಪಟ್ಟು ಎಳೆಯುತ್ತದೆ, ವೋಲ್ಟೇಜ್ ಕುಸಿಯುತ್ತದೆ, ಒಂದು ಫ್ಯೂಸ್ ಹಾರುತ್ತದೆ, ಉಳಿದ ಎರಡೇ ಫೇಸಿನ ಮೇಲೆ ಗುಂಯ್‌ಗುಡುತ್ತ ನಿಂತ ಮೋಟಾರುಗಳು ಸುಟ್ಟು ರಿವೈಂಡಿಂಗ್ ಅಂಗಡಿ ಸೇರುತ್ತವೆ. ಕೃಷ್ಣೆಯ ಆಚೆ ತೆಲಂಗಾಣದಲ್ಲಿ 2018ರ ಜನವರಿಯಿಂದ ಕೃಷಿಗೆ 24 ತಾಸು ವಿದ್ಯುತ್ ಕೊಡಲು ಆರಂಭಿಸಿದಾಗ ಆಟೋ ಸ್ಟಾರ್ಟರುಗಳನ್ನು ತೆಗೆಸಿರಿ ಎಂದು ಅಲ್ಲಿನ ಸರಕಾರ ರೈತರ ಬೆನ್ನು ಹತ್ತಿತ್ತು. ಸಣ್ಣ ಕಂಪ್ಯೂಟರ್ ಈ ಸ್ಥಳದಲ್ಲಿ ಬಂದರೆ, ಮೂರೂ ಫೇಸ್ ಸರಿಯಾಗಿವೆಯೇ ಎಂದು ನೋಡಿ, ವೋಲ್ಟೇಜ್ ನಿಲ್ಲುವವರೆಗೆ ಕಾದು, ಒಂದೊಂದು ಮೋಟಾರನ್ನು ಸರದಿಯ ಮೇಲೆ ಎಬ್ಬಿಸಬಹುದು. ಆಟೋ ಸ್ಟಾರ್ಟರ್ ಮಾಡಲಾರದ ಈ ಕೆಲಸಕ್ಕಾಗಿಯೇ ವಿದ್ಯಾರ್ಥಿಗಳ ಪ್ರಯತ್ನವನ್ನು ನಾನು ಮನಸಾರೆ ಬೆಂಬಲಿಸುತ್ತೇನೆ. ಬೆಂಬಲಿಸುವುದರಿಂದಲೇ ಅದರ ಒಳಗಿನ ಸಂಗತಿಗಳನ್ನು ಬಿಡಿಸಿ ಹೇಳಬೇಕೆನಿಸಿದೆ.

ರಾಸ್ಪ್‌ಬೆರಿ ಪೈ ಎಂಬ ಬೋರ್ಡು 2012ರಲ್ಲಿ ಮಾರುಕಟ್ಟೆಗೆ ಬಂದಾಗಿನಿಂದ ಇಂತಹ ಸಣ್ಣ ಕಂಪ್ಯೂಟರುಗಳು ಎಲ್ಲರ ಕೈಗೆಟುಕಿವೆ. ಅದರ ಪಿನ್ನುಗಳ ಶಕ್ತಿ ಮಾತ್ರ ಬಹಳ ಕಡಿಮೆ. 3.3 ವೋಲ್ಟಿನಲ್ಲಿ ಒಂದು ಪಿನ್ ಹೆಚ್ಚೆಂದರೆ 16 ಮಿಲಿಆಂಪಿಯರ್ ಕೊಡಬಲ್ಲದು. ನೀಲಿ ಡಬ್ಬಿಯಂತಹ ಸಾಮಾನ್ಯ 5 ವೋಲ್ಟ್ ರಿಲೇಯ ಕಾಯಿಲ್, ಅಂದರೆ ಅದನ್ನು ಎಳೆಯುವ ತಂತಿಯ ಸುರುಳಿ, ಸುಮಾರು 70 ಮಿಲಿಆಂಪಿಯರ್ ಬೇಡುತ್ತದೆ. ಆದ್ದರಿಂದ ನಡುವೆ ಟ್ರಾನ್ಸಿಸ್ಟರ್ ಬೇಕು, ಕಾಯಿಲ್ ಬಿಡುವಾಗ ಹುಟ್ಟುವ ಹಿಮ್ಮುಖ ವೋಲ್ಟೇಜನ್ನು ನುಂಗಲು ಡಯೋಡ್ ಬೇಕು, ಎರಡು ಕಡೆಯ ವಿದ್ಯುತ್ತನ್ನು ಬೇರ್ಪಡಿಸಲು ಆಪ್ಟೋಕಪ್ಲರ್ ಇದ್ದರೆ ಒಳ್ಳೆಯದು. ಮಾರುಕಟ್ಟೆಯ ರಿಲೇ ಬೋರ್ಡುಗಳಲ್ಲಿ ಇವೆಲ್ಲ ಇರುತ್ತವೆ. ಇಷ್ಟನ್ನು ಬಹುತೇಕ ವಿದ್ಯಾರ್ಥಿಗಳು ಬಲ್ಲರು.

ರಿಲೇಗಳ ಸಂಖ್ಯೆ ಹೆಚ್ಚಿದಾಗ ಒಂದೊಂದಕ್ಕೆ ಒಂದೊಂದು ಪಿನ್ ಕೊಡುವುದು ಕಷ್ಟವಾಗುತ್ತದೆ. ಆಗ ಸೀರಿಯಲ್ ಬಸ್, ಅಂದರೆ ಹಲವು ಚಿಪ್ಪುಗಳಿಗೆ ಸಂದೇಶ ಒಯ್ಯುವ ಹಂಚಿಕೆಯ ತಂತಿ, ಬೇಕಾಗುತ್ತದೆ. ಒಂದೇ ಓಣಿಯ ಮನೆಗಳಿಗೆ ಬೇರೆ ಬೇರೆ ನಂಬರ್ ಇರುವಂತೆ, ಒಂದೇ ಜೋಡಿ ತಂತಿಯ ಮೇಲೆ ಕುಳಿತ ಚಿಪ್ಪುಗಳಿಗೆ ಬೇರೆ ಬೇರೆ ವಿಳಾಸವಿರುತ್ತದೆ. ವಿದ್ಯಾರ್ಥಿಗಳು ಮೊದಲು ಕೈ ಹಾಕುವುದು ಐ2ಸಿ ಬಸ್ಸಿಗೆ. ಫಿಲಿಪ್ಸ್ ಕಂಪನಿ 1982ರಲ್ಲಿ ಇದನ್ನು ರೂಪಿಸಿದ್ದು ಟಿವಿಯಂತಹ ಒಂದೇ ಪೆಟ್ಟಿಗೆಯೊಳಗಿನ ಚಿಪ್ಪುಗಳು ಪರಸ್ಪರ ಮಾತಾಡಲಿ ಎಂದು. ಇದರ ಮೇಲೆ ಪಿಸಿಎಫ್8574 ಎಂಬ ಚಿಪ್ ಹಾಕಿದರೆ 8 ರಿಲೇ, ಎಂಸಿಪಿ23017 ಹಾಕಿದರೆ 16 ರಿಲೇ ನಡೆಸಬಹುದು. ಪ್ರತಿಯೊಂದಕ್ಕೂ ಎಂಟು ವಿಳಾಸಗಳ ಆಯ್ಕೆ ಇರುವುದರಿಂದ ಎರಡೇ ತಂತಿಯ ಮೇಲೆ ಹತ್ತಾರು ರಿಲೇಗಳು ಸಾಧ್ಯ. ಮೇಜಿನ ಮೇಲೆ ಇದು ಅಚ್ಚುಕಟ್ಟಾಗಿ ನಡೆಯುತ್ತದೆ. ಪ್ರದರ್ಶನಕ್ಕೆ ಬಂದವರು ಚಪ್ಪಾಳೆಯನ್ನೂ ತಟ್ಟುತ್ತಾರೆ.

ಈ ಚಿಪ್ಪುಗಳ ಗುಣವನ್ನು ತಿಳಿಯದೆ ಅದೇ ಬೋರ್ಡನ್ನು ಹೊಲಕ್ಕೆ ಒಯ್ದರೆ ಅನಾಹುತ. ಪಿಸಿಎಫ್8574 ಚಿಪ್ಪಿಗೆ ಕರೆಂಟ್ ಬಂದೊಡನೆ ಅದರ ಎಂಟೂ ಪಿನ್ನುಗಳು ಮೇಲಿನ ಮಟ್ಟದಲ್ಲಿ, ಅಂದರೆ ಒಂದರಲ್ಲಿ, ನಿಲ್ಲುತ್ತವೆ. ಅದು ಕರೆಂಟನ್ನು ತನ್ನ ಕಡೆಗೆ ಎಳೆದುಕೊಳ್ಳುವಾಗ 25 ಮಿಲಿಆಂಪಿಯರ್‌ವರೆಗೆ ಬಲ್ಲದು, ಹೊರಗೆ ಕೊಡುವಾಗ ಅದರ ಬಲ 0.1 ಮಿಲಿಆಂಪಿಯರ್ ಅಷ್ಟೇ. ಆದ್ದರಿಂದ ಸೊನ್ನೆ ಬರೆದಾಗ ಆನ್ ಆಗುವ ರಿಲೇ ಬೋರ್ಡು ಇದಕ್ಕೆ ಸರಿಯಾದ ಜೋಡಿ: ಕರೆಂಟ್ ಬಂದಾಗ ಎಲ್ಲ ರಿಲೇಗಳೂ ತಾವಾಗಿ ಆಫ್ ಇರುತ್ತವೆ. ಇದರ ಬದಲು ಒಂದು ಬರೆದಾಗ ಆನ್ ಆಗುವ, ರಿಲೇ ನಡೆಸುವ ಯುಎಲ್‌ಎನ್2803 ಚಿಪ್ಪನ್ನು ನೇರವಾಗಿ ಇದರ ಹಿಂದೆ ಜೋಡಿಸಿದರೆ, ಆರಂಭದಲ್ಲಿ ಅದು ಪೂರಾ ಆನೂ ಅಲ್ಲದ ಆಫೂ ಅಲ್ಲದ ಸ್ಥಿತಿಗೆ ಹೋಗಬಹುದು. ಎಂಸಿಪಿ23017 ಚಿಪ್ಪಿನ ರೀತಿ ಬೇರೆ. ಅದರ ಪಿನ್ನುಗಳೆಲ್ಲ ಆರಂಭದಲ್ಲಿ ಇನ್‌ಪುಟ್ ಆಗಿರುತ್ತವೆ. ಅವನ್ನು ಔಟ್‌ಪುಟ್ ಮಾಡುವ ಮೊದಲೇ ಒಳಗಿನ ಲ್ಯಾಚಿಗೆ (ಬರೆದದ್ದನ್ನು ಹಿಡಿದಿಡುವ ಜಾಗಕ್ಕೆ) ಆಫ್ ಮೌಲ್ಯವನ್ನು ಬರೆಯಬೇಕು. ಹಿಂದುಮುಂದಾದರೆ ಆ ಎರಡು ಬರಹಗಳ ನಡುವಿನ ಗಳಿಗೆಯಲ್ಲಿ ಹದಿನಾರು ರಿಲೇಗಳೂ ಎಳೆದುಕೊಳ್ಳಬಹುದು, ಅಂದರೆ ಆನ್ ಆಗಬಹುದು. ಬಸ್ ಬಿಟ್ಟು ಪೈ ಬೋರ್ಡಿನ ಪಿನ್ನಿಗೇ ರಿಲೇ ಕೊಟ್ಟವರಿಗೂ ಇದೇ ಮಾತು ಅನ್ವಯಿಸುತ್ತದೆ. ಪೈಥಾನ್ ಪ್ರೋಗ್ರಾಮಿನಲ್ಲಿ ಪಿನ್ನನ್ನು ಔಟ್‌ಪುಟ್ ಎಂದು ಘೋಷಿಸುವ ಸಾಲಿನಲ್ಲೇ ಆರಂಭದ ಮಟ್ಟವನ್ನು ಹೇಳದಿದ್ದರೆ ಅದು ಸೊನ್ನೆಗೆ ಇಳಿಯುತ್ತದೆ, ಸೊನ್ನೆಗೆ ಆನ್ ಆಗುವ ಬೋರ್ಡು ‘ಟಕ್’ ಎನ್ನುತ್ತದೆ, ಮುಂದಿನ ಸಾಲು ಬಂದು ಆಫ್ ಮಾಡುತ್ತದೆ. ಬಲ್ಬ್ ಇದ್ದರೆ ಕಣ್ಣಿಗೂ ಕಾಣದಷ್ಟು ಚಿಕ್ಕ ಮಿಂಚು ಅದು. ಆದರೆ ಆ ರಿಲೇ ಸ್ಟಾರ್ಟರಿನ ಹಸಿರು ಗುಂಡಿಗೆ ಸಮಾನಾಂತರವಾಗಿದ್ದರೆ ಅಷ್ಟೇ ‘ಟಕ್’ ಸಾಕು. ಸ್ಟಾರ್ಟರಿನೊಳಗಿನ ಕಾಂಟ್ಯಾಕ್ಟರ್, ಅಂದರೆ ಮೋಟಾರಿಗೆ ಕರೆಂಟ್ ಕೊಡುವ ದೊಡ್ಡ ರಿಲೇ, ಎಳೆದುಕೊಂಡು ತನ್ನನ್ನು ತಾನೇ ಹಿಡಿದುಕೊಳ್ಳುತ್ತದೆ, ಮೋಟಾರ್ ತಿರುಗುತ್ತದೆ. ಆ ಹೊತ್ತಿಗೆ ಯಾರೋ ಪಂಪಿನ ಗ್ಲ್ಯಾಂಡ್ (ನೀರು ಸೋರದಂತೆ ತಡೆಯುವ ಭಾಗ) ಬಿಗಿಯುತ್ತ ಕುಳಿತಿದ್ದರೆ ಏನಾಗುತ್ತದೆಂದು ವಿವರಿಸಬೇಕಿಲ್ಲ.

ಎಲ್ಲಕ್ಕಿಂತ ದೊಡ್ಡ ಸಂಗತಿ ಇನ್ನೊಂದಿದೆ. ಈ ಚಿಪ್ಪುಗಳು ಕೊನೆಗೆ ಬರೆದದ್ದನ್ನು ಬಿಡದೆ ಹಿಡಿದುಕೊಂಡಿರುತ್ತವೆ. ರಿಲೇ ಆನ್ ಮಾಡಿದ ಮೇಲೆ ಕಂಪ್ಯೂಟರ್ ಸ್ತಬ್ಧವಾದರೆ, ತಂತಿಯೇ ಕಳಚಿಬಿದ್ದರೆ, ಚಿಪ್ಪಿಗೆ ಕರೆಂಟ್ ಇರುವವರೆಗೆ ರಿಲೇ ಆನ್ ಆಗಿಯೇ ಇರುತ್ತದೆ. ಒಡೆಯನ ಮಾತು ನಿಂತುಹೋಗಿದೆ ಎಂದು ಅರಿಯುವ ಯಾವ ವ್ಯವಸ್ಥೆಯೂ ಈ ಎರಡು ಚಿಪ್ಪುಗಳೊಳಗೆ ಇಲ್ಲ. ಬಾವಿಯ ನೀರು ತಳ ಕಂಡರೂ ಪಂಪ್ ಓಡುತ್ತಲೇ ಇರುತ್ತದೆ.

ಐ2ಸಿ ತಂತಿಯನ್ನು ಮನೆಯಿಂದ ಮೋಟಾರ್ ಶೆಡ್ಡಿನವರೆಗೆ ಎಳೆಯುವುದನ್ನು ನಾನು ಖಂಡಿತವಾಗಿ ವಿರೋಧಿಸುತ್ತೇನೆ. ಈ ಬಸ್ಸಿನ ನಿಯಮದ ಪ್ರಕಾರ ತಂತಿ ಮತ್ತು ಚಿಪ್ಪುಗಳೆಲ್ಲ ಸೇರಿ ಕೆಪಾಸಿಟೆನ್ಸ್ (ವಿದ್ಯುತ್ ಹಿಡಿದಿಟ್ಟುಕೊಳ್ಳುವ ಗುಣ) 400 ಪೈಕೋಫ್ಯಾರಡ್ ಮೀರಬಾರದು. ಸಾಮಾನ್ಯ ಕೇಬಲ್ಲಿನಲ್ಲಿ ಕೆಲವೇ ಮೀಟರಿಗೆ ಆ ಮಿತಿ ಮುಗಿಯುತ್ತದೆ. ತಂತಿಯನ್ನು ಮೇಲಕ್ಕೆ ಎಳೆಯುವುದು ಒಂದು ಪುಲ್‌ಅಪ್ ರೆಸಿಸ್ಟರ್ ಮಾತ್ರ ಆದ್ದರಿಂದ, ಪಕ್ಕದ ಮೋಟಾರ್ ತಂತಿಯಲ್ಲಿ ಕಾಂಟ್ಯಾಕ್ಟರ್ ಎಳೆದಾಗಿನ ಒಂದು ಸಣ್ಣ ಹೊಡೆತವೂ ಸಂದೇಶದ ಬಿಟ್ಟುಗಳನ್ನು, ಅಂದರೆ ಸೊನ್ನೆ-ಒಂದುಗಳನ್ನು, ಕೆಡಿಸಬಹುದು. ಕೆಟ್ಟ ಬಿಟ್ಟನ್ನು ಹಿಡಿಯುವ ಚೆಕ್‌ಸಮ್ ಇದರಲ್ಲಿಲ್ಲ. ಎದುರಿನ ಚಿಪ್ ‘ಬಂತು’ ಎಂದು ಒಪ್ಪಿಗೆ ಕೊಡುತ್ತದೆಯೇ ಹೊರತು ‘ಸರಿಯಾಗಿ ಬಂತು’ ಎಂದು ಹೇಳುವುದಿಲ್ಲ. ಮೂರನೆಯ ರಿಲೇಗೆ ಹೇಳಿದ್ದು ನಾಲ್ಕನೆಯದಕ್ಕೆ ತಲುಪಿದರೂ ಕಂಪ್ಯೂಟರಿನ ಲೆಕ್ಕದಲ್ಲಿ ಕೆಲಸ ಮುಗಿದಿರುತ್ತದೆ. ಇಷ್ಟು ಸಾಲದೆಂಬಂತೆ, ಚಿಪ್ಪಿನಿಂದ ಏನನ್ನಾದರೂ ಓದುತ್ತಿರುವಾಗ ಕಂಪ್ಯೂಟರ್ ನಡುವೆಯೇ ರೀಸೆಟ್ ಆದರೆ, ಆ ಚಿಪ್ ಡೇಟಾ ತಂತಿಯನ್ನು ಕೆಳಗೆ ಹಿಡಿದುಕೊಂಡು ಕೂರಬಹುದು. ಆಗ ಕಂಪ್ಯೂಟರ್ ಮತ್ತೆ ಎದ್ದರೂ ಇಡೀ ಬಸ್ಸು ಸತ್ತಂತೆಯೇ. ಬಸ್ಸಿನ ಎರಡನೆಯ ತಂತಿಯಾದ, ಲಯ ಕೊಡುವ ಗಡಿಯಾರ ತಂತಿಯ ಮೇಲೆ ಒಂಬತ್ತು ಪಲ್ಸ್ ಕೊಟ್ಟು ಅದನ್ನು ಬಿಡಿಸಬೇಕು. ಈ ಬಿಡಿಸುವ ಭಾಗವನ್ನು ವಿದ್ಯಾರ್ಥಿಗಳ ಪ್ರೋಗ್ರಾಮುಗಳಲ್ಲಿ ನಾನು ಕಂಡದ್ದು ಅಪರೂಪ.

ದೂರಕ್ಕೆ ಸರಿಯಾದದ್ದು ಆರ್‌ಎಸ್-485 ಎಂಬ ಇನ್ನೊಂದು ಬಸ್. ಎರಡು ತಂತಿಗಳ ನಡುವಿನ ವ್ಯತ್ಯಾಸವನ್ನಷ್ಟೇ ಅದು ಓದುವುದರಿಂದ ಎರಡರ ಮೇಲೂ ಒಟ್ಟಿಗೆ ಬಿದ್ದ ಗದ್ದಲ ಕಳೆದುಹೋಗುತ್ತದೆ. ಕಡಿಮೆ ವೇಗದಲ್ಲಿ 1200 ಮೀಟರ್‌ವರೆಗೆ ಹೋಗಬಲ್ಲದು. ಮೂಲ ನಿಯಮದಂತೆಯೇ 32 ಸಾಧನಗಳು ಒಂದೇ ಜೋಡಿಯ ಮೇಲೆ ಕೂರಬಹುದು. ಅದರ ಮೇಲೆ ಮಾಡ್‌ಬಸ್ ಎಂಬ 1979ರಷ್ಟು ಹಳೆಯ ಮಾತಿನ ಕ್ರಮವನ್ನು ಬಳಸಿದರೆ ಪ್ರತಿ ಸಂದೇಶದ ಕೊನೆಗೂ ಸಂದೇಶ ಕೆಟ್ಟಿದೆಯೇ ಎಂದು ನೋಡುವ ಸಿಆರ್‌ಸಿ ತಾಳೆ ಇರುತ್ತದೆ. ಕೆಟ್ಟ ಸಂದೇಶವನ್ನು ರಿಲೇ ಬೋರ್ಡು ಮುಟ್ಟುವುದಿಲ್ಲ, ಸರಿಯಾದದ್ದಕ್ಕೆ ಉತ್ತರ ಕೊಡುತ್ತದೆ, ಉತ್ತರ ಬಾರದಿದ್ದರೆ ಕಂಪ್ಯೂಟರಿಗೆ ಏನೋ ಆಗಿದೆ ಎಂದು ತಿಳಿಯುತ್ತದೆ. ರಿಲೇಯ ಈಗಿನ ಸ್ಥಿತಿಯನ್ನು ಮರಳಿ ಕೇಳುವ ಆಜ್ಞೆಯೂ ಇದೆ. ಕಾರ್ಖಾನೆಗಳಲ್ಲಿ ದಶಕಗಳಿಂದ ಪಳಗಿದ ಈ ಕ್ರಮವನ್ನು ಬಲ್ಲ ರಿಲೇ ಬೋರ್ಡುಗಳು ಇಂದು ಸುಲಭವಾಗಿ ಸಿಗುತ್ತವೆ. ಅವುಗಳಲ್ಲಿ ಕೆಲವು, ನಿಗದಿತ ಹೊತ್ತಿನವರೆಗೆ ಆನ್ ಆಗಿ ತಾವೇ ಆಫ್ ಆಗುವ ಆಜ್ಞೆಯನ್ನೂ ಬಲ್ಲವು. ಕೊಳ್ಳುವಾಗ ಆ ಗುಣವಿರುವ ಬೋರ್ಡನ್ನೇ ಕೇಳಿ ಪಡೆಯುವುದು ಲೇಸು.

ಆದರೂ ಆರ್‌ಎಸ್-485 ಎಂದಾಕ್ಷಣ ಎಲ್ಲವೂ ಸರಿಹೋಗುವುದಿಲ್ಲ. ತಂತಿ ಒಂದರಿಂದ ಇನ್ನೊಂದಕ್ಕೆ ಸಾಲಾಗಿ ಹೋಗಬೇಕು, ಕವಲೊಡೆಯಬಾರದು. ಎರಡು ತುದಿಗಳಲ್ಲಿ ಮಾತ್ರ 120 ಓಂ ರೆಸಿಸ್ಟರ್ ಇರಬೇಕು. ಜೋಡಿಯ ಜೊತೆಗೆ ಒಂದು ಗ್ರೌಂಡ್ ತಂತಿಯೂ ಬೇಕು. ಏಕೆಂದರೆ ಈ ಚಿಪ್ಪುಗಳು ತಮ್ಮ ಗ್ರೌಂಡಿಗೆ ಹೋಲಿಸಿ ಜೋಡಿ ತಂತಿಯ ವೋಲ್ಟೇಜ್ ಮೈನಸ್ 7ರಿಂದ ಪ್ಲಸ್ 12 ವೋಲ್ಟಿನ ಮಿತಿಯೊಳಗೆ ಇದ್ದರೆ ಮಾತ್ರ ಸರಿಯಾಗಿ ಕೆಲಸ ಮಾಡುತ್ತವೆ. ಮುಂಗಾರಿಗೆ ಮುನ್ನ ನಮ್ಮ ಬಯಲಿನಲ್ಲಿ ಬರುವ ಗುಡುಗು ಸಿಡಿಲಿನ ಮಳೆಗೆ ಉದ್ದದ ತಂತಿಯಲ್ಲಿ ಹುಟ್ಟುವ ವೋಲ್ಟೇಜ್ ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಆದ್ದರಿಂದ ವಿದ್ಯುತ್ತನ್ನು ಪ್ರತ್ಯೇಕಿಸಿದ ಟ್ರಾನ್ಸೀವರ್ (ಬಸ್ಸಿನ ಮೇಲೆ ಸಂದೇಶ ಕಳಿಸಿ ಪಡೆಯುವ ಚಿಪ್) ಮತ್ತು ಸರ್ಜ್ (ಹಠಾತ್ ವೋಲ್ಟೇಜ್ ಏರಿಕೆ) ರಕ್ಷಣೆಗೆ ತಗಲುವ ಖರ್ಚನ್ನು ಉಳಿಸಲು ಹೋಗಬಾರದು. ಇನ್ನೊಂದು ಮಾತು: ಅಗ್ಗದ ಮ್ಯಾಕ್ಸ್485 ಎಂಬ ಟ್ರಾನ್ಸೀವರ್ ಚಿಪ್ 5 ವೋಲ್ಟಿನದು, ಅದರ ಔಟ್‌ಪುಟ್ಟನ್ನು 3.3 ವೋಲ್ಟಿನ ಪೈ ಬೋರ್ಡಿಗೆ ನೇರವಾಗಿ ಕೊಟ್ಟರೆ ಬೋರ್ಡು ಹಾಳಾಗಬಹುದು. 3.3 ವೋಲ್ಟಿಗೆಂದೇ ಮ್ಯಾಕ್ಸ್3485 ಇದೆ.

ಈಗ ರಿಲೇಯ ಇನ್ನೊಂದು ಬದಿಗೆ ಬರುತ್ತೇನೆ. ನನ್ನ ಕಸುಬು ಇರುವುದು ಅಲ್ಲಿಯೇ. ಕಾರಟಗಿ ಕಡೆಯ ಒಂದು ಶೆಡ್ಡಿನಲ್ಲಿ ನೋಡಿದ ಡಬ್ಬಿಯೊಂದನ್ನು ಹೇಳುತ್ತೇನೆ. ಗೋಡೆಗೆ ಹೊಡೆದ ಪ್ಲಾಸ್ಟಿಕ್ ಪೆಟ್ಟಿಗೆ, ಒಳಗೆ ಇರುವೆಗಳ ಸಾಲು, ನೀಲಿ ರಿಲೇಯ ಕೆಳಗಿನ ಬೋರ್ಡಿನ ಮೇಲೆ ಕಂದು ಬಣ್ಣದ ಸುಟ್ಟ ಉಂಗುರ. ಮೊಬೈಲಿನಲ್ಲಿ ‘ಆಫ್’ ಎಂದು ಕೆಂಪು ಅಕ್ಷರ ಕಾಣುತ್ತಿತ್ತು, ಹೊರಗೆ ಡೆಲಿವರಿ ಪೈಪಿನಿಂದ ನೀರು ಸುರಿಯುತ್ತಲೇ ಇತ್ತು. ರಿಲೇಯ ಮೇಲೆ 10 ಆಂಪಿಯರ್, 250 ವೋಲ್ಟ್ ಎಂದು ಅಚ್ಚಾಗಿತ್ತು. ಕಟ್ಟಿಕೊಟ್ಟವರು ಅದನ್ನು ಸ್ಟಾರ್ಟರಿನ ಕಾಯಿಲ್ ಸರ್ಕ್ಯೂಟಿನಲ್ಲಿ ನೇರವಾಗಿ ಸೇರಿಸಿದ್ದರು. ಆದರೆ ನಮ್ಮ ಕಡೆಯ ತ್ರೀಫೇಸ್ ಪಂಪ್ ಸ್ಟಾರ್ಟರುಗಳಲ್ಲಿ ಎಷ್ಟೋ ಕಾಯಿಲ್‌ಗಳು ಎರಡು ಫೇಸಿನ ನಡುವೆ, ಅಂದರೆ 415 ವೋಲ್ಟಿನ ಮೇಲೆ, ಕೆಲಸ ಮಾಡುತ್ತವೆ. 250 ವೋಲ್ಟಿನ ಕಾಂಟ್ಯಾಕ್ಟಿನ ನಡುವೆ ಪ್ರತಿ ಬಾರಿ ಕಿಡಿ ಎದ್ದು, ಕೊನೆಗೊಮ್ಮೆ ಎರಡೂ ತುದಿ ಬೆಸೆದುಕೊಂಡಿದ್ದವು. ಕಂಪ್ಯೂಟರ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು, ಬಸ್ಸೂ ಸಂದೇಶವನ್ನು ಮುಟ್ಟಿಸಿತ್ತು. ತಪ್ಪಿದ್ದು ರಿಲೇಯ ಆಯ್ಕೆಯಲ್ಲಿ.

ಮೋಟಾರಿಗೇ ನೇರವಾಗಿ ಈ ರಿಲೇ ಹಾಕುವವರೂ ಇದ್ದಾರೆ. 5 ಎಚ್‌ಪಿ ತ್ರೀಫೇಸ್ ಮೋಟಾರ್ ಓಡುವಾಗ 7-8 ಆಂಪಿಯರ್ ಎಳೆಯುತ್ತದೆ, 10 ಆಂಪಿಯರ್ ರಿಲೇ ಸಾಕಲ್ಲವೇ ಎಂದು ಕೇಳುತ್ತಾರೆ. ಸಾಲದು. ಆ 10 ಆಂಪಿಯರ್ ಎಂಬುದು ಹೀಟರಿನಂತಹ ಸರಳ ಲೋಡಿಗೆ ಹೇಳಿದ್ದು. ಮೋಟಾರ್ ಏಳುವಾಗಿನ ಕರೆಂಟ್ 40 ಆಂಪಿಯರ್ ದಾಟುತ್ತದೆ. ಸಣ್ಣ ರಿಲೇ ಇರಬೇಕಾದದ್ದು ಕಾಂಟ್ಯಾಕ್ಟರಿನ ಕಾಯಿಲ್ಲಿಗೆ ಮಾತ್ರ, ಅದೂ ಕಾಯಿಲ್ 230 ವೋಲ್ಟಿನದಾಗಿದ್ದರೆ. 415 ವೋಲ್ಟಿನ ಕಾಯಿಲ್ ಇದ್ದರೆ ನಡುವೆ ಆ ವೋಲ್ಟೇಜಿಗೆ ತಕ್ಕ ಮತ್ತೊಂದು ರಿಲೇ ಬೇಕು, ಇಲ್ಲವೇ ಕಾಂಟ್ಯಾಕ್ಟರನ್ನೇ ಬದಲಿಸಬೇಕು. ಕಾಯಿಲ್ಲಿಗೆ ಅಡ್ಡಲಾಗಿ ಒಂದು ಕೆಪಾಸಿಟರ್ ಮತ್ತು ರೆಸಿಸ್ಟರಿನ ಸ್ನಬ್ಬರ್ ಹಾಕಿದರೆ ಕಿಡಿಯೂ ಕಡಿಮೆಯಾಗುತ್ತದೆ, ಬಸ್ ತಂತಿಗೆ ತಗಲುವ ಹೊಡೆತವೂ ಕಡಿಮೆಯಾಗುತ್ತದೆ. ಓವರ್‌ಲೋಡ್ ರಿಲೇ (ಕರೆಂಟ್ ಮಿತಿ ಮೀರಿದರೆ ನಿಲ್ಲಿಸುವುದು), ಸಿಂಗಲ್ ಫೇಸ್ ಪ್ರಿವೆಂಟರ್ (ಫೇಸ್ ತಪ್ಪಿದರೆ ನಿಲ್ಲಿಸುವುದು), ಕೆಂಪು ಗುಂಡಿ, ಇವುಗಳನ್ನು ಕಂಪ್ಯೂಟರ್ ಬಂತೆಂದು ಯಾರೂ ಬೈಪಾಸ್ ಮಾಡಕೂಡದು. ಪ್ರೋಗ್ರಾಮ್ ಎಷ್ಟೇ ಚೆನ್ನಾಗಿರಲಿ, ಇವು ಅದರ ಅಧೀನದಲ್ಲಿ ಇರಕೂಡದು.

ಜೋಡಿಸುವ ಕ್ರಮದ ಬಗ್ಗೆ ನನ್ನ ಸಲಹೆ ಇದು. ಸ್ಟಾರ್ಟರಿನ ಹಸಿರು ಗುಂಡಿಗೆ ಸಮಾನಾಂತರವಾಗಿ ಒಂದು ರಿಲೇ ಇರಲಿ, ಅದು ಒಂದು ಸೆಕೆಂಡು ಮಾತ್ರ ಎಳೆದು ಬಿಡಲಿ. ಕೆಂಪು ಗುಂಡಿಯ ಸಾಲಿನಲ್ಲಿ ಇನ್ನೊಂದು ರಿಲೇ ಇರಲಿ, ಅದನ್ನು ಅನುಮತಿಯ ರಿಲೇ ಎನ್ನೋಣ. ಅದರ ಎನ್‌ಒ ಕಾಂಟ್ಯಾಕ್ಟ್, ಅಂದರೆ ಕಾಯಿಲ್ಲಿಗೆ ಕರೆಂಟ್ ಇಲ್ಲದಾಗ ತೆರೆದೇ ಇರುವ ಕಾಂಟ್ಯಾಕ್ಟ್ ಬಳಸಿದರೆ, ರಿಲೇ ಬೋರ್ಡಿಗೆ ಕರೆಂಟ್ ಹೋದೊಡನೆ ಮೋಟಾರ್ ನಿಲ್ಲುತ್ತದೆ. ಎಷ್ಟೋ ಕಡೆ ಇದರ ಬದಲು ಎನ್‌ಸಿ ಕಾಂಟ್ಯಾಕ್ಟ್, ಅಂದರೆ ಕಾಯಿಲ್ಲಿಗೆ ಕರೆಂಟ್ ಇಲ್ಲದಾಗ ಮುಚ್ಚಿರುವ ಕಾಂಟ್ಯಾಕ್ಟ್, ಹಾಕುತ್ತಾರೆ, ಏಕೆಂದರೆ ಆಗ ರಿಲೇ ಸದಾ ಎಳೆದುಕೊಂಡಿರಬೇಕಿಲ್ಲ, ಬಿಸಿಯಾಗುವುದಿಲ್ಲ. ಆದರೆ ಆಗ ಬೋರ್ಡು ಸತ್ತರೆ ಮೋಟಾರನ್ನು ದೂರದಿಂದ ನಿಲ್ಲಿಸುವ ದಾರಿಯೇ ಇರುವುದಿಲ್ಲ.

ಸತ್ತಾಗ ನಿಲ್ಲುವುದೇ ಯಾವಾಗಲೂ ಸರಿಯೇ ಎಂದರೆ, ಅಲ್ಲ. ಬೋರ್‌ವೆಲ್ ಪಂಪಿಗೆ, ಟ್ಯಾಂಕ್ ತುಂಬಿಸುವ ಪಂಪಿಗೆ ನಿಲ್ಲುವುದು ಕ್ಷೇಮ. ಕೋಳಿ ಫಾರಂನ ಫ್ಯಾನುಗಳ ವಿಷಯ ತಿರುವುಮುರುವು. ಬೇಸಿಗೆಯಲ್ಲಿ 42-43 ಡಿಗ್ರಿ ಏರುವ ನಮ್ಮ ಜಿಲ್ಲೆಗಳಲ್ಲಿ ಮಧ್ಯಾಹ್ನ ಫ್ಯಾನುಗಳು ನಿಂತರೆ ಸ್ವಲ್ಪ ಹೊತ್ತಿನಲ್ಲೇ ಕೋಳಿಗಳು ಸಾಯತೊಡಗುತ್ತವೆ. ಅಲ್ಲಿ ಕಂಪ್ಯೂಟರ್ ಸತ್ತಾಗ ಫ್ಯಾನು ಓಡುತ್ತಲೇ ಇರಬೇಕು. ಎನ್‌ಸಿ ಕಾಂಟ್ಯಾಕ್ಟ್ ಅಲ್ಲಿಗೆ ಸರಿ, ಕಂಪ್ಯೂಟರಿನ ಕೆಲಸ ಬೇಡವಾದಾಗ ನಿಲ್ಲಿಸುವುದಷ್ಟೇ. ಒಂದೇ ಬೋರ್ಡಿನ ಎಂಟು ರಿಲೇಗಳಲ್ಲಿ ಮೂರಕ್ಕೆ ಒಂದು ನಿಯಮ, ಐದಕ್ಕೆ ಇನ್ನೊಂದು ನಿಯಮ ಇರಬಹುದು. ಆದ್ದರಿಂದ ಪ್ರತಿ ರಿಲೇಗೂ ಈ ಪ್ರಶ್ನೆಯನ್ನು ಬೇರೆ ಬೇರೆಯಾಗಿಯೇ ಕೇಳಿ, ಉತ್ತರವನ್ನು ಬರೆದಿಡಬೇಕು.

ರಿಲೇ ಬೋರ್ಡಿಗೆ ಕರೆಂಟ್ ಇದ್ದು ಕಂಪ್ಯೂಟರ್ ಮಾತ್ರ ಸ್ತಬ್ಧವಾದಾಗ ಏನು ಮಾಡಬೇಕು ಎಂಬುದೇ ಇದರಲ್ಲಿ ಕಠಿಣವಾದ ಭಾಗ. ಪೈ ಬೋರ್ಡಿನಲ್ಲಿ ವಾಚ್‌ಡಾಗ್ ಎಂಬ ಟೈಮರ್ ಇದೆ. ಪ್ರೋಗ್ರಾಮ್ ಅದನ್ನು ಆಗಾಗ ಮುಟ್ಟದಿದ್ದರೆ ಸುಮಾರು 15 ಸೆಕೆಂಡಿನೊಳಗೆ ಕಂಪ್ಯೂಟರನ್ನು ಅದು ಮತ್ತೆ ಎಬ್ಬಿಸುತ್ತದೆ. ಅದನ್ನು ಬಳಸಲೇಬೇಕು. ಆದರೆ ದಿನಕ್ಕೆ ಹಲವು ಬಾರಿ ಕರೆಂಟ್ ಹೋಗಿಬರುವ ನಮ್ಮಲ್ಲಿ ಪೈ ಬೋರ್ಡಿನ ಮೆಮೊರಿ ಕಾರ್ಡೇ ಕೆಟ್ಟು ಅದು ಏಳದೆ ಹೋಗುವ ಸಂಭವವೂ ಸಾಕಷ್ಟಿದೆ. ಆದ್ದರಿಂದ ರಿಲೇಯ ಪಕ್ಕದಲ್ಲೇ ಒಂದು ಸಣ್ಣ ಮೈಕ್ರೊಕಂಟ್ರೋಲರ್ (ಒಂದೇ ಪ್ರೋಗ್ರಾಮ್ ನಡೆಸುವ ಪುಟ್ಟ ಚಿಪ್) ಇರಬೇಕು, ಕಂಪ್ಯೂಟರಿನಿಂದ ಕೊನೆಯ ಸಂದೇಶ ಬಂದು ಅರ್ಧ ನಿಮಿಷವೋ ಒಂದು ನಿಮಿಷವೋ ಆಯಿತೆಂದರೆ ಪ್ರತಿ ರಿಲೇಯನ್ನೂ ಅದರದರ ಕ್ಷೇಮದ ಸ್ಥಿತಿಗೆ ಅದೇ ತರಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಸರದಿ, ಲೆಕ್ಕ, ಮೊಬೈಲ್ ಸಂದೇಶ ಇವೆಲ್ಲ ದೊಡ್ಡ ಬೋರ್ಡಿನ ಕೆಲಸವಾಗಲಿ. ನಿಲ್ಲಿಸುವ ಅಧಿಕಾರ ಮಾತ್ರ ರಿಲೇಯ ಹತ್ತಿರವೇ ಇರಲಿ.

ಇನ್ನು ಮೊಬೈಲಿನಲ್ಲಿ ಕಾಣುವ ‘ಆನ್’, ‘ಆಫ್’ ಅಕ್ಷರಗಳ ವಿಷಯ. ಅವು ಕೊಟ್ಟ ಆಜ್ಞೆಯನ್ನು ತೋರಿಸುತ್ತವೆಯೇ, ನಡೆದ ಸಂಗತಿಯನ್ನು ತೋರಿಸುತ್ತವೆಯೇ ಎಂದು ಕೊಳ್ಳುವವರು ಕೇಳಲೇಬೇಕು. ಮಾಡ್‌ಬಸ್ಸಿನಲ್ಲಿ ರಿಲೇಯ ಸ್ಥಿತಿಯನ್ನು ಮರಳಿ ಓದಿದರೂ ಅದು ಕಾಯಿಲ್ಲಿನ ಸ್ಥಿತಿ, ಬೆಸೆದುಹೋದ ಕಾಂಟ್ಯಾಕ್ಟಿನದಲ್ಲ. ಕಾಂಟ್ಯಾಕ್ಟರಿನ ಸಹಾಯಕ ಕಾಂಟ್ಯಾಕ್ಟಿನಿಂದ ಒಂದು ತಂತಿ ತಂದು ಇನ್‌ಪುಟ್ಟಿಗೆ ಕೊಟ್ಟರೆ, ಅಥವಾ ಮೋಟಾರ್ ತಂತಿಗೆ ಅದರಲ್ಲಿ ಹರಿಯುವ ಕರೆಂಟನ್ನು ಅಳೆಯುವ ಒಂದು ಕರೆಂಟ್ ಟ್ರಾನ್ಸ್‌ಫಾರ್ಮರ್ ತೊಡಿಸಿದರೆ, ಮೋಟಾರ್ ನಿಜವಾಗಿ ಓಡುತ್ತಿದೆಯೇ ಎಂದು ತಿಳಿಯುತ್ತದೆ. ಬಾವಿ ಬತ್ತಿ ಪಂಪ್ ಖಾಲಿ ಓಡಿದಾಗ ಕರೆಂಟ್ ಇಳಿಯುವುದರಿಂದ ಅದನ್ನೂ ಹಿಡಿಯಬಹುದು.

ನನ್ನ ಮುಖ್ಯ ಮನವಿ ನಮ್ಮ ಮೂರು ಜಿಲ್ಲೆಗಳ ಐಟಿಐ ಮತ್ತು ಪಾಲಿಟೆಕ್ನಿಕ್‌ಗಳಿಗೆ. ರಾಜ್ಯದ 150 ಸರಕಾರಿ ಐಟಿಐಗಳನ್ನು ಈಚಿನ ವರ್ಷಗಳಲ್ಲಿ ಮೇಲ್ದರ್ಜೆಗೇರಿಸಿ ಹೊಸ ಉಪಕರಣಗಳನ್ನು ಕೊಡಲಾಗಿದೆ. ಆದರೂ ಎಲೆಕ್ಟ್ರಿಷಿಯನ್ ಟ್ರೇಡಿನ ಹುಡುಗರು ಸ್ಟಾರ್ಟರ್, ಕಾಂಟ್ಯಾಕ್ಟರ್ ಬಲ್ಲರು, ಬಸ್ ಅರಿಯರು. ಎಲೆಕ್ಟ್ರಾನಿಕ್ ಮೆಕ್ಯಾನಿಕ್ ಟ್ರೇಡಿನವರು ಬಸ್ ಬಲ್ಲರು, 415 ವೋಲ್ಟಿನ ಕಾಯಿಲ್ ಅರಿಯರು. ಸಾಧನ ಕೆಡುವುದು ಈ ಎರಡು ತಿಳಿವಳಿಕೆಗಳು ಕೂಡುವ ಜಾಗದಲ್ಲಿ. ಇಂತಹ ಪ್ರಾಜೆಕ್ಟುಗಳಲ್ಲಿ ಎರಡೂ ಟ್ರೇಡಿನ ವಿದ್ಯಾರ್ಥಿಗಳು ಜೊತೆಗೂಡಿ ಕೆಲಸ ಮಾಡಲಿ. ಪ್ರದರ್ಶನಗಳಲ್ಲಿ ತೀರ್ಪುಗಾರರು ಆನ್ ಆಫ್ ನೋಡಿ ಅಂಕ ಕೊಡುವ ಬದಲು, ರಿಲೇ ಎಳೆದಿರುವಾಗಲೇ ಬಸ್ ತಂತಿಯನ್ನು ಕಿತ್ತು ನೋಡಲಿ, ಮೆಮೊರಿ ಕಾರ್ಡನ್ನು ಹೊರಗೆಳೆಯಲಿ, ಕರೆಂಟನ್ನು ಒಂದು ಸೆಕೆಂಡು ತೆಗೆದು ಕೊಡಲಿ, ಪ್ರತಿ ಬಾರಿಯೂ ರಿಲೇಗಳು ಎಲ್ಲಿ ನಿಂತವು ಎಂದು ಬರೆದುಕೊಳ್ಳಲಿ. ರಾಯಚೂರಿನ ಕೃಷಿ ವಿಶ್ವವಿದ್ಯಾಲಯವು ತನ್ನ ಕೃಷಿ ಮೇಳದಲ್ಲಿ ಇಂತಹ ಸಾಧನಗಳಿಗೆ ಜಾಗ ಕೊಡುವಾಗ ಇದೇ ಪರೀಕ್ಷೆಯನ್ನು ರೈತರ ಕಣ್ಣೆದುರೇ ಮಾಡಿಸಿದರೆ, ಕೊಳ್ಳುವವರಿಗೆ ಏನು ಕೇಳಬೇಕೆಂಬುದು ತಾನಾಗಿ ತಿಳಿಯುತ್ತದೆ.

ತಯಾರಿಸಿ ಮಾರುವವರು ಪೆಟ್ಟಿಗೆಯ ಮುಚ್ಚಳದ ಒಳಬದಿಗೆ ಕನ್ನಡದಲ್ಲಿ ಒಂದು ಹಾಳೆ ಅಂಟಿಸಲಿ. ಯಾವ ರಿಲೇ ಯಾವುದಕ್ಕೆ, ಕರೆಂಟ್ ಬಂದಾಗ ಅದರ ಸ್ಥಿತಿ ಏನು, ಬಸ್ ಕಡಿದಾಗ ಏನು, ಬೋರ್ಡಿನ ವಿಳಾಸ ಎಷ್ಟು, ಕಾಯಿಲ್ ಎಷ್ಟು ವೋಲ್ಟಿನದು, ಇಷ್ಟಿದ್ದರೆ ಮುಂದೆ ರಿಪೇರಿಗೆ ಬಂದವರಿಗೂ ಸಾಕು. ಮುಚ್ಚಳದ ಹೊರಗೆ ಕೈ, ಬಂದ್, ಆಟೋ ಎಂಬ ಮೂರು ಸ್ಥಾನದ ಒಂದು ಸ್ವಿಚ್ ಇರಲಿ. ಮೋಟಾರಿನ ಹತ್ತಿರ ಕೆಲಸ ಮಾಡುವವರು ಅದನ್ನು ಬಂದ್ ಸ್ಥಾನಕ್ಕೆ ತಿರುಗಿಸಿ, ಮೇನ್ ಸ್ವಿಚ್ಚನ್ನೂ ತೆಗೆದ ಮೇಲೆಯೇ ಕೈ ಇಡಲಿ. ಆ ಸ್ವಿಚ್ ಕಂಪ್ಯೂಟರಿಗೆ ಸೂಚನೆ ಕೊಡುವಂಥದ್ದಾಗಿರದೆ, ಕಾಯಿಲ್ಲಿನ ತಂತಿಯನ್ನೇ ಕಡಿಯುವಂಥದ್ದಾಗಿರಬೇಕು.

ಇಂತಿ ವಂದನೆಗಳೊಂದಿಗೆ,
ನಿಮ್ಮ ಪತ್ರಿಕೆಯ ಓದುಗ,
ಸಿಂಧನೂರು, ರಾಯಚೂರು ಜಿಲ್ಲೆ